ಕಲ್ಯಾಣದ ಓದು, ಕಾನೂನಿನ ಪರೀಕ್ಷೆ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನಲ್ಲಿ ಹುಡಗಿ ಎಂಬ ಊರಿದೆ. ಹೆಸರನ್ನು ಮೊದಲ ಸಲ ಅಚ್ಚಿನಲ್ಲಿ ಕಂಡವರು ಅದು ಮುದ್ರಣ ದೋಷವೆಂದು ಭಾವಿಸಿ 'ಹುಡುಗಿ' ಎಂದೇ ಓದಿಕೊಳ್ಳುತ್ತಾರೆ. ಊರಿನವರಿಗೆ ಇದು ಹಳೆಯ ತಮಾಷೆ. ಬರೆದದ್ದನ್ನು ಬಿಟ್ಟು ತಮಗೆ ಗೊತ್ತಿರುವುದನ್ನು ಓದುವುದು ಎಲ್ಲರಿಗೂ ಇರುವ ಚಾಳಿ ತಾನೇ?

ಈ ಊರಿನಲ್ಲಿ ನಮ್ಮ ಅಕ್ಕನ ಮನೆಯಿದೆ. ಅವಳ ಮಗಳು ಪಿಯುಸಿ ಮುಗಿಸಿ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಿ ನಡೆಸಿದ್ದಾಳೆ. ಕಳೆದ ಬಾರಿ ಹೋದಾಗ ಮೊಬೈಲ್ ಹಿಡಿದು ನನ್ನ ಮುಂದೆ ಬಂದು ಕುಳಿತಳು.

"ಮಾಮು, ಇಲ್ನೋಡ್ರಿ. ಮೂರನೇ ಪ್ಯಾರಾದಾಗ ಏನದ ಅದನ್ನೇ ಟಿಕ್ ಮಾಡೀನಿ. ತಪ್ಪು ಅಂತ ತೋರಿಸ್ಲತ್ತದ. ಪ್ಯಾರಾದಾಗ ಇದ್ದದ್ದು ತಪ್ಪು ಹೆಂಗಾತದ?"

ಪ್ರಶ್ನೆ ಏನೆಂದು ನೋಡಿದೆ. ಮೂರನೇ ಪ್ಯಾರಾ ಏನು ಹೇಳುತ್ತದೆ ಎಂದು ಅಲ್ಲಿ ಕೇಳಿರಲಿಲ್ಲ. ಇಡೀ ಬರಹದಲ್ಲಿ ಮೂರನೇ ಪ್ಯಾರಾ ಮಾಡುವ ಕೆಲಸವೇನು ಎಂದು ಕೇಳಿದ್ದರು. ಇವೆರಡೂ ಬೇರೆ ಬೇರೆ ಪ್ರಶ್ನೆಗಳು. ಈ ವ್ಯತ್ಯಾಸ ತಿಳಿಯದೆ ಹೋದರೆ ಪರೀಕ್ಷೆಯಲ್ಲಿ ಕಾಲು ಅಂಕ ಕಡಿತವಾಗುತ್ತದೆ. ನ್ಯಾಯಾಲಯಗಳಲ್ಲಿ ತಿಳಿಯದೆ ಹೋದಾಗ ಮನೆ ಮಠಗಳೇ ಕೈತಪ್ಪಿದ್ದುಂಟು.

ಪರೀಕ್ಷೆಯ ಕತೆಯನ್ನು ಮೊದಲು ಬೇಗ ಹೇಳಿ ಮುಗಿಸುತ್ತೇನೆ. ಕಾನೂನು ಕಲಿಯಬಯಸುವವರ ಓದುವ ಶಕ್ತಿಯನ್ನೇ ಅಳೆಯುವ ಪರೀಕ್ಷೆಯನ್ನು ಅಮೆರಿಕದ ಕಾನೂನು ಕಾಲೇಜುಗಳು 1948ರಲ್ಲಿ ಆರಂಭಿಸಿದವು. ಎಲ್‌ಸ್ಯಾಟ್ ಎಂದು ಅದರ ಹೆಸರು. ನಮ್ಮಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1988ರಲ್ಲಿ ಮೊದಲ ತಂಡವನ್ನು ಸೇರಿಸಿಕೊಂಡಿತು. ಮುಂದೆ ಇಂಥ ವಿಶ್ವವಿದ್ಯಾಲಯಗಳು ಹೆಚ್ಚಿದಾಗ ಪ್ರತಿಯೊಂದಕ್ಕೂ ಬೇರೆ ಬೇರೆ ಪರೀಕ್ಷೆ ಬರೆಯುವ ಪಾಡು ತಪ್ಪಿಸಲು 2008ರಲ್ಲಿ 'ಕ್ಲಾಟ್' ಎಂಬ ಒಂದೇ ಪರೀಕ್ಷೆ ಬಂತು. ಆರಂಭದಲ್ಲಿ ಅದರಲ್ಲಿ ಬಾಯಿಪಾಠಕ್ಕೆ ಸಾಕಷ್ಟು ಜಾಗವಿತ್ತು. 2020ರಿಂದ ಸ್ವರೂಪ ಬದಲಾಯಿತು. ಈಗ ಪ್ರಶ್ನೆಗಳೆಲ್ಲ ಕೊಟ್ಟ ಬರಹದ ಮೇಲೆಯೇ. ಎರಡು ಗಂಟೆ, 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ಮನೆಯಲ್ಲಿ ದಖನಿ, ಓಣಿಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಕೇಳಿ ಬೆಳೆದ ಬೀದರಿನ ಹುಡುಗಿಗೆ ಇದು ಹಗುರವಾದ ಹೊರೆಯಲ್ಲ. ಆದರೆ ಅವಳು ಎಡವಿದ್ದು ಇಂಗ್ಲಿಷಿನಲ್ಲಲ್ಲ.

ಅವಳಿಗೆ ತಿಳಿಯಲೆಂದು ನಾನೇ ಒಂದು ಬರಹ ಕಟ್ಟಿದೆ. ವಿಷಯ, ಬೀದರ್ ಬಳಿಯ ನೌಬಾದಿನ ಕರೇಜ್, ಅಂದರೆ ಬಹಮನಿಗಳ ಕಾಲದ ಸುರಂಗ ಬಾವಿ. ಮೊದಲ ಪ್ಯಾರಾ: ಮಳೆ ಕಡಿಮೆಯಾದ್ದರಿಂದಲೇ ಊರಿಗೆ ನೀರಿಲ್ಲ ಎಂದು ಜನ ಹೇಳುತ್ತಾರೆ. ಎರಡನೆಯದು: ಆದರೆ ಮಳೆ ಕಡಿಮೆಯಿದ್ದ ಕಾಲದಲ್ಲೂ ನೆಲದೊಳಗಿನ ಕಾಲುವೆ ನೀರು ತರುತ್ತಿತ್ತು. ಮೂರನೆಯದು: ಹಳೆಯ ಸುರಂಗ ಇಂದಿನ ದೊಡ್ಡ ಊರಿಗೆ ಸಾಲದು, ಅದಕ್ಕೆ ದುಡ್ಡು ಸುರಿಯುವುದು ವ್ಯರ್ಥ ಎನ್ನುವವರಿದ್ದಾರೆ. ನಾಲ್ಕನೆಯದು: ಸಾಲದೆಂಬುದು ನಿಜ, ಆದರೆ ಸುರಂಗವನ್ನು ಉಳಿಸಿದರೆ ಸುತ್ತಲಿನ ಬಾವಿಗಳ ಸೆಲೆ ಉಳಿಯುತ್ತದೆ. "ಈಗ ಹೇಳು ಬೇಟಿ, ಬರೆದವರು ಸುರಂಗ ಬೇಡ ಅಂತಾರೋ ಬೇಕು ಅಂತಾರೋ?" "ಬೇಕು ಅಂತಾರ." "ಹಂಗಾದ್ರೆ ಮೂರನೇ ಪ್ಯಾರಾದಾಗ ಬೇಡ ಅಂತ ಅದಲ್ಲ?" "ಅದು ಅವರ ಮಾತಲ್ಲ ಮಾಮು. ಬ್ಯಾರೆಯವರ ಮಾತು."

ಅಷ್ಟೇ. ಮೂರನೇ ಪ್ಯಾರಾದ ಕೆಲಸ ಎದುರುವಾದವನ್ನು ಮುಂದಿಡುವುದು. ಆ ಪ್ಯಾರಾ ತೆಗೆದರೆ ನಾಲ್ಕನೆಯದು ಯಾರಿಗೆ ಉತ್ತರ ಕೊಡುತ್ತಿದೆ ಎಂಬುದೇ ತಿಳಿಯುವುದಿಲ್ಲ. ಒಂದು ಪ್ಯಾರಾದ ಪಾತ್ರ ಗೊತ್ತಾಗಬೇಕಾದರೆ ಅದನ್ನು ಮನಸ್ಸಿನಲ್ಲಿ ಹೀಗೆ ಕಿತ್ತು ನೋಡಬೇಕು, ಉಳಿದದ್ದರಲ್ಲಿ ಎಲ್ಲಿ ಕಂದಕ ಬೀಳುತ್ತದೆಂದು ಗಮನಿಸಬೇಕು.

ಇದೇನೂ ಅಮೆರಿಕದವರು ಕಂಡುಹಿಡಿದ ವಿದ್ಯೆಯಲ್ಲ. ಹುಡಗಿಯಿಂದ ಬಸ್ಸಿನಲ್ಲಿ ಸ್ವಲ್ಪ ಹೊತ್ತಿನ ದಾರಿ ಬಸವಕಲ್ಯಾಣ. ಬಸವಣ್ಣನವರಿಗಿಂತ ಮೊದಲು, ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಂದರೆ 1076ರಿಂದ 1126ರ ನಡುವೆ, ಆ ಊರಿನಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತನಿದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ 'ಮಿತಾಕ್ಷರಾ' ವ್ಯಾಖ್ಯಾನ ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಪಾಲು ಹಿಂದೂಗಳ ಆಸ್ತಿ ಹಂಚಿಕೆಯ ಆಧಾರವಾಯಿತು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರೆಂಬ ನಂಬಿಕೆಯಿದೆ. ಗ್ರಂಥದ ಕೊನೆಗೆ ಅವನು ಕಲ್ಯಾಣ ನಗರವನ್ನೂ ದೊರೆಯನ್ನೂ ಬಾಯಿತುಂಬ ಹೊಗಳಿ ತನ್ನನ್ನೂ ಸ್ವಲ್ಪ ಹೊಗಳಿಕೊಂಡಿದ್ದಾನೆ. ಅಷ್ಟು ದೊಡ್ಡ ಕೆಲಸ ಮಾಡಿದವನಿಗೆ ಅದು ಸಲ್ಲಬೇಕಾದದ್ದೇ.

ಮಿತಾಕ್ಷರಾದಲ್ಲಿ ಬಹು ಮುಖ್ಯವಾದ ಒಂದು ವಾದವಿದೆ. ಮಗನಿಗೆ ಆಸ್ತಿಯ ಹಕ್ಕು ಬರುವುದು ಹುಟ್ಟಿನಿಂದಲೋ ಅಥವಾ ತಂದೆ ತೀರಿಕೊಂಡ ಮೇಲೆ, ಪಾಲಾದ ಮೇಲೋ? ವಿಜ್ಞಾನೇಶ್ವರ ತನ್ನ ಉತ್ತರವನ್ನು ನೇರವಾಗಿ ಹೇಳುವುದಿಲ್ಲ. ಹುಟ್ಟಿನಿಂದ ಹಕ್ಕಿಲ್ಲ ಎನ್ನುವವನ ವಾದವನ್ನು ಮೊದಲು ವಿಸ್ತಾರವಾಗಿ ಇಡುತ್ತಾನೆ. ಅದು ದುರ್ಬಲ ವಾದವೂ ಅಲ್ಲ. ಮಗ ಹುಟ್ಟಿದ ಗೃಹಸ್ಥ ಅಗ್ನ್ಯಾಧಾನ ಮಾಡಬೇಕೆಂದು ಶಾಸ್ತ್ರ ಹೇಳುತ್ತದೆ, ಅದಕ್ಕೆ ಖರ್ಚಿದೆ. ತೊಟ್ಟಿಲ ಮಗುವೂ ಆಸ್ತಿಯ ಒಡೆಯನೇ ಆದರೆ ತಂದೆ ಯಾರ ಒಪ್ಪಿಗೆ ಕೇಳಿ ಖರ್ಚು ಮಾಡಬೇಕು? ಗಂಡ ಪ್ರೀತಿಯಿಂದ ಹೆಂಡತಿಗೆ ಕೊಡುವ ಕೊಡುಗೆಗೆ ಏನರ್ಥ? ಹೀಗೆ ಎದುರಾಳಿಯ ಬಾಯಿಂದ ಹೇಳಬೇಕಾದ್ದನ್ನೆಲ್ಲ ಹೇಳಿಸಿದ ಮೇಲೆಯೇ ಅವನ ಉತ್ತರ. ಹುಟ್ಟಿನಿಂದ ಹಕ್ಕು ಬರುವುದು ಲೋಕದಲ್ಲೇ ಪ್ರಸಿದ್ಧ. ಧರ್ಮಕಾರ್ಯಕ್ಕೆ, ಪ್ರೀತಿಯ ಕೊಡುಗೆಗೆ ತಂದೆಗೆ ಸ್ವಾತಂತ್ರ್ಯವಿದೆ. ಆದರೆ ಹೊಲ ಮನೆಯಂಥ ಸ್ಥಿರಾಸ್ತಿಯ ವಿಷಯದಲ್ಲಿ ಮಕ್ಕಳನ್ನು ಬಿಟ್ಟು ನಡೆಯುವಂತಿಲ್ಲ.

ಮೀಮಾಂಸಕರು ಇಂಥ ಚರ್ಚೆಗೆ ಐದು ಅಂಗ ಹೇಳುತ್ತಿದ್ದರು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ವಾಕ್ಯ ಓದುವಾಗಲೇ ಅದು ಯಾವ ಅಂಗವೆಂದು ವಿದ್ಯಾರ್ಥಿ ಗುರುತಿಸಬೇಕು. ಅದಕ್ಕೆ ಚಿಕ್ಕ ಚಿಕ್ಕ ಗುರುತಿನ ಪದಗಳಿದ್ದವು. 'ನನು' ಎಂದು ಆರಂಭವಾದರೆ ಬರುತ್ತಿರುವುದು ಆಕ್ಷೇಪ. 'ಉಚ್ಯತೇ' ಎಂದರೆ ಈಗ ಉತ್ತರ. ಪೂರ್ವಪಕ್ಷವನ್ನೇ ಗ್ರಂಥಕಾರನ ಮಾತೆಂದು ತಿಳಿದವನ ಪಾಡು? ಅವನು ವಿಜ್ಞಾನೇಶ್ವರನ ಹೆಸರಿನಲ್ಲಿ ವಿಜ್ಞಾನೇಶ್ವರನ ವಿರುದ್ಧವೇ ಸಾಕ್ಷಿ ಹೇಳುತ್ತಾನೆ. ಕುತೂಹಲದ ಸಂಗತಿಯೆಂದರೆ, ಇಲ್ಲಿ ಪೂರ್ವಪಕ್ಷವಾಗಿರುವ ನಿಲುವೇ, ಅಂದರೆ ತಂದೆಯ ಒಡೆತನ ಮುಗಿದ ಮೇಲೆಯೇ ಮಗನ ಹಕ್ಕು ಎಂಬುದು, ಬಂಗಾಳದ ಜೀಮೂತವಾಹನನ 'ದಾಯಭಾಗ'ದಲ್ಲಿ ಸಿದ್ಧಾಂತವಾಗಿದೆ. ಮಾತು ಒಂದೇ, ಕುಳಿತ ಜಾಗ ಬೇರೆ.

ಮದ್ರಸಾಗಳ ಓದೂ ಹೀಗೆಯೇ ಇತ್ತು. ಹನ್ನೆರಡನೆಯ ಶತಮಾನದಲ್ಲಿ ಮಧ್ಯ ಏಷ್ಯಾದ ಮರ್ಗೀನಾನಿ ಬರೆದ 'ಹಿದಾಯ' ಹನಫಿ ಫಿಖ್‌ಹ್‌ನ ಆಧಾರ ಗ್ರಂಥ. ಇಮಾಮ್ ಅಬೂಹನೀಫಾ, ಅವರ ಶಿಷ್ಯರಾದ ಅಬೂಯೂಸುಫ್ ಮತ್ತು ಮುಹಮ್ಮದ್, ಇಮಾಮ್ ಶಾಫಿಈ ಇವರ ಅಭಿಪ್ರಾಯಗಳು ಅದರಲ್ಲಿ ಒಂದೇ ಪುಟದಲ್ಲಿ ಎದುರುಬದುರು ನಿಲ್ಲುತ್ತವೆ. 'ಲಹು' ಎಂದರೆ ಅವರ ಪುರಾವೆ, 'ಲಹುಮಾ' ಎಂದರೆ ಆ ಇಬ್ಬರ ಪುರಾವೆ, 'ಲನಾ' ಎಂದರೆ ನಮ್ಮ ಪುರಾವೆ. ಎರಡು ಮೂರು ಅಕ್ಷರದ ಈ ಪದಗಳನ್ನು ಹಾರಿಸಿ ಓದಿದವನಿಗೆ ಯಾರ ಮಾತು ಯಾರದೆಂದು ತಿಳಿಯದು. ತನಗೆ ಸರಿ ಕಂಡ ಪಕ್ಷದ ಪುರಾವೆಯನ್ನು ಮರ್ಗೀನಾನಿ ಸಾಮಾನ್ಯವಾಗಿ ಕೊನೆಗೆ ಇಡುತ್ತಾರೆಂದು, ಅದೇ ಹಿಂದಿನವರಿಗೆ ಉತ್ತರವೂ ಆಗುತ್ತದೆಂದು ಉಸ್ತಾದರು ಹೇಳಿಕೊಡುತ್ತಿದ್ದರು. ವಾದ ಬರುವ ಸರದಿಯೇ ಇಲ್ಲಿ ಅರ್ಥದ ಒಂದು ಭಾಗ.

ಬೀದರಿನ ನೆಲಕ್ಕೆ ಈ ವಿದ್ಯೆ ಹೊಸದಲ್ಲ. ಖ್ವಾಜಾ ಮಹಮೂದ್ ಗವಾನ್ ತನ್ನ ಪ್ರಸಿದ್ಧ ಮದ್ರಸಾವನ್ನು ಅಲ್ಲಿ ಕಟ್ಟಿಸಿದ್ದು 1472ರಲ್ಲಿ. ಆತ ಕೇವಲ ವಜೀರನಲ್ಲ, ಪತ್ರ ಬರೆಯುವ ಕಲೆಯ ಮೇಲೆ 'ಮನಾಜಿರುಲ್ ಇನ್ಶಾ' ಎಂಬ ಗ್ರಂಥವನ್ನೇ ಬರೆದ ಪಂಡಿತ. ಅಂಥವನ ಪ್ರಾಣ ಹೋದದ್ದೂ ಒಂದು ಪತ್ರದಿಂದಲೇ. ಅವನ ಮೊಹರು ಬಿದ್ದ ಖಾಲಿ ಕಾಗದದ ಮೇಲೆ ಶತ್ರುಗಳು ಒಡಿಶಾದ ರಾಜನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮುಹಮ್ಮದ್ ಷಾ ಮೊಹರನ್ನು ನೋಡಿದ, ಬರಹವನ್ನು ವಿಚಾರಿಸಲಿಲ್ಲ. 1481ರಲ್ಲಿ ಗವಾನನ ತಲೆ ಉರುಳಿತು. ಇದು ನಮ್ಮ ವಿಷಯಕ್ಕೆ ಸ್ವಲ್ಪ ದೂರವಾದದ್ದು, ಆದರೆ ಆ ಮದ್ರಸಾದ ಮುಂದೆ ನಿಂತಾಗಲೆಲ್ಲ ನನಗೆ ನೆನಪಾಗುತ್ತದೆ.

ಈ ಎರಡೂ ಪರಂಪರೆಗಳು ಬ್ರಿಟಿಷ್ ನ್ಯಾಯಾಲಯದ ಕಟ್ಟೆ ಹತ್ತಿದಾಗ ಏನಾಯಿತು? 1772ರಲ್ಲಿ ವಾರನ್ ಹೇಸ್ಟಿಂಗ್ಸ್, ಹಿಂದೂಗಳ ಕೌಟುಂಬಿಕ ವ್ಯಾಜ್ಯಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರ್‌ಆನಿನ ಕಾನೂನು ಎಂದು ಗೊತ್ತುಪಡಿಸಿದ. ಓದಿ ಹೇಳಲು ಪಂಡಿತರನ್ನೂ ಮೌಲವಿಗಳನ್ನೂ ನೇಮಿಸಲಾಯಿತು. ಜೊತೆಗೆ ಅನುವಾದಗಳೂ ಆರಂಭವಾದವು. 1791ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹಿದಾಯವನ್ನು ಇಂಗ್ಲಿಷಿಗೆ ತಂದ, ಅದೂ ಅರಬಿಯಿಂದಲ್ಲ, ಪಾರ್ಸಿ ಅನುವಾದದಿಂದ. 1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರಾದ ದಾಯವಿಭಾಗವನ್ನು ಅನುವಾದಿಸಿದ. ಕೋಲ್‌ಬ್ರೂಕ್ ದೊಡ್ಡ ವಿದ್ವಾಂಸ, ಅವನ ಶ್ರಮದ ಬಗ್ಗೆ ಎರಡು ಮಾತಿಲ್ಲ. ಆದರೆ ಓದುವವರ ಅನುಕೂಲಕ್ಕೆ ಅವನು ಒಂದು ಕೆಲಸ ಮಾಡಿದ. ಒಂದೇ ಎಳೆಯಲ್ಲಿ ಹರಿಯುವ ವಿಜ್ಞಾನೇಶ್ವರನ ವಾದವನ್ನು ಅಧ್ಯಾಯ, ವಿಭಾಗ, ಪ್ಯಾರಾಗಳಾಗಿ ಕತ್ತರಿಸಿ ಪ್ರತಿ ಪ್ಯಾರಾಕ್ಕೂ ಸಂಖ್ಯೆ ಹಾಕಿದ.

ಅಲ್ಲಿಯವರೆಗೆ ಪ್ಯಾರಾ ಎಂಬುದು ವಾದದ ಒಂದು ಹೆಜ್ಜೆಯಾಗಿತ್ತು. ಸಂಖ್ಯೆ ಬಿದ್ದ ಮೇಲೆ ಅದು ಸರ್ಕಾರಿ ಕಾಯ್ದೆಯ ಕಲಮಿನಂತೆ ಕಾಣತೊಡಗಿತು. ವಕೀಲರು ಒಂದನೇ ಅಧ್ಯಾಯ, ಒಂದನೇ ವಿಭಾಗ, ಇಪ್ಪತ್ತೇಳನೇ ಪ್ಯಾರಾ ಎಂದು ಬೆರಳಿಟ್ಟು ತೋರಿಸುವ ರೂಢಿ ಬಂತು. ಪಂಡಿತ ಮೌಲವಿಗಳು ಕೋರ್ಟಿನಲ್ಲಿ ಇರುವವರೆಗೆ, ಸಾಹೇಬರೇ ಅದು ಎದುರುಪಕ್ಷದ ಮಾತು ಎಂದು ಹೇಳಲು ಒಬ್ಬರಾದರೂ ಇದ್ದರು. 1864ರಲ್ಲಿ ಆ ಹುದ್ದೆಗಳೇ ರದ್ದಾದವು. ಅಲ್ಲಿಂದ ಮುಂದೆ ನ್ಯಾಯಾಧೀಶರ ಮೇಜಿನ ಮೇಲೆ ಉಳಿದದ್ದು ಸಂಖ್ಯೆ ಹಾಕಿದ ಇಂಗ್ಲಿಷ್ ಪುಸ್ತಕಗಳು.

ಪರಿಣಾಮ ತಿಳಿಯಲು ಐದು ವರ್ಷದ ಅಂತರದಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೊಟ್ಟ ಎರಡು ತೀರ್ಪುಗಳನ್ನು ನೋಡಬಹುದು.

1899ರ ಬಾಲುಸು ಪ್ರಕರಣದಲ್ಲಿ ಪ್ರಶ್ನೆ, ಇರುವ ಒಬ್ಬನೇ ಮಗನನ್ನು ದತ್ತು ಕೊಡಬಹುದೇ ಎಂಬುದು. ಕೊಡಬಾರದು, ಅವನು ಪೂರ್ವಿಕರ ವಂಶ ಮುಂದುವರಿಸಬೇಕಾದವನು ಎಂಬ ವಸಿಷ್ಠನ ವಚನವನ್ನು ಮಿತಾಕ್ಷರಾ ಉಲ್ಲೇಖಿಸುತ್ತದೆ. ಮೇಲ್ನೋಟಕ್ಕೆ ಅಲ್ಲಿಗೆ ಕತೆ ಮುಗಿಯಿತು. ಆದರೆ ಮೀಮಾಂಸೆಯಲ್ಲಿ ವಿಧಿ ಬೇರೆ, ಅರ್ಥವಾದ ಬೇರೆ. ವಿಧಿ ಎಂದರೆ ಆಜ್ಞೆ. ಅರ್ಥವಾದವೆಂದರೆ ಹೊಗಳಿಕೆ, ತೆಗಳಿಕೆ, ಕಾರಣ ಹೇಳಿ ಮನವೊಲಿಸುವ ಮಾತು. ಹೀಗೆ ಕಾರಣ ಹೇಳಿ ನುಡಿದದ್ದು ಕಟ್ಟಾಜ್ಞೆಯಲ್ಲ, ಬುದ್ಧಿಮಾತು ಎಂಬ ವಾದ ನಡೆಯಿತು. ಕೌನ್ಸಿಲ್ ಕೊನೆಗೆ ಆ ವಚನವನ್ನು ಕಾನೂನಿನ ನಿಷೇಧವಲ್ಲ, ನೈತಿಕ ಸಲಹೆ ಎಂದೇ ಓದಿತು. ದತ್ತು ಊರ್ಜಿತವಾಯಿತು. ಎಷ್ಟೋ ಮನೆಗಳಲ್ಲಿ ಆಗಿಹೋಗಿದ್ದ ದತ್ತುಗಳು ಉಳಿದುಕೊಂಡವು.

1894ರ ಅಬುಲ್ ಫತಾ ಪ್ರಕರಣದಲ್ಲಿ ಇದೇ ಬಗೆಯ ಓದು ಬೇರೆಯೇ ಫಲ ಕೊಟ್ಟಿತು. ಆಸ್ತಿಯನ್ನು ವಕ್ಫ್ ಮಾಡಿ, ಅದರ ಆದಾಯ ಮೊದಲು ತಮ್ಮ ಸಂತತಿಗೆ, ಸಂತತಿ ನಿಂತ ಮೇಲೆ ಬಡವರಿಗೆ ಎಂದು ಬರೆದಿಟ್ಟಿದ್ದರು. ಇದು ವಕ್ಫ್ ಅಲಲ್ ಔಲಾದ್. ಮನೆಯವರಿಗೆ ಕೊಡುವುದೂ ಸದಖಾ ಎಂಬ ಹದೀಸಿನ ಆಧಾರದ ಮೇಲೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಅಮೀರ್ ಅಲಿ ಅದಕ್ಕೂ ಮೊದಲು ಬೇರೊಂದು ಪ್ರಕರಣದಲ್ಲಿ ಇಂಥ ವಕ್ಫನ್ನು ಸಮರ್ಥಿಸಿದ್ದರು. ಪ್ರಿವಿ ಕೌನ್ಸಿಲ್ ಒಪ್ಪಲಿಲ್ಲ. ಆ ಹದೀಸ್ ಅದಕ್ಕೆ ಸಾಮಾನ್ಯ ಉಪದೇಶವಾಗಿ ಕಂಡಿತು, ಬಡವರ ಪಾಲು ಬರೀ ತೋರಿಕೆಯಾಗಿ ಕಂಡಿತು. ವಕ್ಫ್ ಬಿದ್ದುಹೋಯಿತು. ಫಿಖ್‌ಹ್‌ನಲ್ಲಿ ಆ ಹದೀಸ್ ಉಪದೇಶದ ಜಾಗದಲ್ಲಿಲ್ಲ, ನಿಯಮಕ್ಕೆ ಪುರಾವೆಯ ಜಾಗದಲ್ಲಿದೆ ಎಂಬುದು ಉಲಮಾಗಳ ಅಳಲಾಗಿತ್ತು. ಅಲ್ಲಾಮಾ ಶಿಬ್ಲಿ ನೊಮಾನಿ ಚಳವಳಿಗೆ ಇಳಿದರು. ಮುಹಮ್ಮದ್ ಅಲಿ ಜಿನ್ನಾ ಶಾಸನ ಸಭೆಯಲ್ಲಿ ಮಸೂದೆ ಮಂಡಿಸಿದರು. 1913ರಲ್ಲಿ ಕಾಯ್ದೆಯಾಯಿತು. ಆದರೆ ಅದಕ್ಕೂ ಹಿಂದಿನ ವಕ್ಫ್‌ಗಳಿಗೆ ರಕ್ಷಣೆ ಸಿಗಲು 1930ರವರೆಗೆ ಕಾಯಬೇಕಾಯಿತು.

ಒಂದು ಕಡೆ ವಚನವನ್ನು ಉಪದೇಶವೆಂದು ಓದಿದ್ದರಿಂದ ಕುಟುಂಬಗಳು ಉಳಿದವು, ಇನ್ನೊಂದು ಕಡೆ ಹಾಗೆ ಓದಿದ್ದರಿಂದ ಆಸ್ತಿ ಹೋಯಿತು. ಮೊದಲನೆಯದರಲ್ಲಿ ಹಾಗೆ ಓದಲು ಗ್ರಂಥದ ಪರಂಪರೆಯಲ್ಲೇ ಆಧಾರವಿತ್ತು. ಎರಡನೆಯದರಲ್ಲಿ ಮೂಲ ಗ್ರಂಥದಲ್ಲಿ ಆ ಮಾತು ಕುಳಿತ ಜಾಗವನ್ನು ಸರಿಯಾಗಿ ವಿಚಾರಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಾಲದ ತೀರ್ಪುಗಳನ್ನೂ ನಾವು ಹೀಗೆಯೇ ಓದಿದ್ದೇವೆ. 1985ರ ಏಪ್ರಿಲ್ 23ರ ಶಾಬಾನು ತೀರ್ಪನ್ನು ತೆಗೆದುಕೊಳ್ಳಿ. ಅಲ್ಲಿ ತೀರ್ಮಾನವಾಗಬೇಕಿದ್ದ ಪ್ರಶ್ನೆ ಒಂದೇ: ತಲಾಖ್ ಪಡೆದ ಮುಸ್ಲಿಂ ಮಹಿಳೆಗೆ ಅಪರಾಧ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಪ್ರಕಾರ ಜೀವನಾಂಶ ಸಿಗುತ್ತದೆಯೇ? ತಿಂಗಳಿಗೆ 179 ರೂಪಾಯಿ 20 ಪೈಸೆಯ ವ್ಯಾಜ್ಯ ಅದು. ತೀರ್ಪಿನ ಆರಂಭದಲ್ಲೇ ಹೆಣ್ಣಿನ ಸ್ಥಾನದ ಬಗ್ಗೆ ಮನುವಿನ ಮಾತೊಂದು, ಅದರ ಬೆನ್ನಿಗೇ ಇಸ್ಲಾಮಿನ ಮೇಲೆ ಇಂಗ್ಲಿಷ್ ಲೇಖಕನೊಬ್ಬ ಹೊರಿಸಿದ ಆರೋಪ ಬರುತ್ತದೆ. ಕೊನೆಯ ಭಾಗದಲ್ಲಿ ಸಮಾನ ನಾಗರಿಕ ಸಂಹಿತೆ ಬರಲಿಲ್ಲವೆಂಬ ಕೊರಗಿದೆ. ವ್ಯಾಜ್ಯ ತೀರ್ಮಾನಿಸಲು ಇವೆರಡೂ ಬೇಕಿರಲಿಲ್ಲ. ಮೊದಲನೆಯದು ಪೀಠಿಕೆ, ಕೊನೆಯದು ನ್ಯಾಯಾಧೀಶರು ಪ್ರಸಂಗವಶಾತ್ ಆಡಿದ ಮಾತು. ಕಾನೂನಿನಲ್ಲಿ ಇಂಥ ಮಾತಿಗೆ ತೀರ್ಮಾನದ ತೂಕವಿಲ್ಲ. ಆದರೆ ದೇಶದಲ್ಲಿ ಹೊತ್ತಿಕೊಂಡದ್ದು ಬಹಳಮಟ್ಟಿಗೆ ಇವೇ ಎರಡು ತುದಿಗಳು. ಒಂದು ಕಡೆಯವರು ಕೊನೆಯ ಭಾಗವನ್ನೇ ತೀರ್ಪೆಂದು ಮೆರೆಸಿದರು. ಇನ್ನೊಂದು ಕಡೆ ನಾವೂ ಅದನ್ನೇ ತೀರ್ಪೆಂದು ಬೀದಿಗಿಳಿದೆವು.

ನಡುವಿನ ಭಾಗಕ್ಕೆ ಆಕ್ಷೇಪವೇ ಇರಲಿಲ್ಲ ಎನ್ನುವಂತಿಲ್ಲ. ನ್ಯಾಯಾಲಯ ಸೂರಾ ಅಲ್‌ಬಖರದ ಆಯತ್‌ಗಳಿಗೆ ತಾನೇ ಅರ್ಥ ಹೇಳಿದ್ದು ಉಲಮಾಗಳಿಗೆ ಒಪ್ಪಿಗೆಯಾಗಿರಲಿಲ್ಲ. ಪ್ರಾಚೀನ ವ್ಯಾಖ್ಯಾನಕಾರರನ್ನು ಮೀರಿ ಕೋರ್ಟು ಕುರ್‌ಆನನ್ನು ಅರ್ಥೈಸಬಾರದೆಂದು 1897ರಲ್ಲಿ ಪ್ರಿವಿ ಕೌನ್ಸಿಲ್ಲೇ ಹೇಳಿತ್ತು. ಅದು ಚರ್ಚಿಸಬೇಕಾದ ಆಕ್ಷೇಪವಾಗಿತ್ತು. ಗದ್ದಲದಲ್ಲಿ ಆ ಚರ್ಚೆಗೆ ಕಿವಿಗೊಟ್ಟವರು ಕಡಿಮೆ. 1986ರಲ್ಲಿ ಬೇರೆ ಕಾಯ್ದೆಯೇ ಬಂತು. ಆ ಕಾಯ್ದೆಯಲ್ಲಿ ಇದ್ದತ್ ಅವಧಿಯೊಳಗೆ ಕೊಡಬೇಕು ಎಂದಿದೆ, ಇದ್ದತ್ ಅವಧಿಗೆ ಮಾತ್ರ ಕೊಡಬೇಕು ಎಂದಿಲ್ಲ ಎಂದು 2001ರ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಓದಿತು. ಕಾಯ್ದೆಯೂ ಉಳಿಯಿತು, ಮುಂದಿನ ಬದುಕಿಗೆ ನ್ಯಾಯವಾದ ಏರ್ಪಾಡು ಪಡೆಯುವ ಹೆಣ್ಣಿನ ಹಕ್ಕೂ ಉಳಿಯಿತು. ಹದಿನಾರು ವರ್ಷದ ಕೋಲಾಹಲ ಕೊನೆಗೆ ಬಂದು ನಿಂತದ್ದು ಒಂದು ವಿಭಕ್ತಿ ಪ್ರತ್ಯಯದ ಓದಿನ ಮೇಲೆ.

ವಿಜ್ಞಾನೇಶ್ವರನ ಜನ್ಮಸ್ವತ್ವವೂ ಇನ್ನೂ ಸತ್ತಿಲ್ಲ. ಹಿಂದೂ ಕುಟುಂಬಗಳಲ್ಲಿ ಮಗಳಿಗೂ ಹುಟ್ಟಿನಿಂದ ಪಾಲಿನ ಹಕ್ಕು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಬಂತು. ಆಗ ತಂದೆ ಬದುಕಿರಬೇಕೇ ಬೇಡವೇ ಎಂಬ ಬಗ್ಗೆ ಸುಪ್ರೀಂ ಕೋರ್ಟಿನದೇ ಎರಡು ತೀರ್ಪುಗಳು, 2015ರ ಫೂಲವತಿ ಮತ್ತು 2018ರ ದಾನಮ್ಮ, ಒಂದಕ್ಕೊಂದು ತಾಳೆಯಾಗದೆ ನಿಂತವು. ಎರಡೂ ಕರ್ನಾಟಕದಿಂದ ಹೋದ ಮೊಕದ್ದಮೆಗಳು. ಹುಟ್ಟಿನಿಂದ ಎಂದರೆ ಹುಟ್ಟಿನಿಂದಲೇ, ತಂದೆ ಆಗ ಬದುಕಿರಬೇಕಿಲ್ಲ ಎಂದು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ತೀರ್ಪು ಬಂದ ಮೇಲೆ ಗೊಂದಲ ತಿಳಿಯಾಯಿತು.

ಅಕ್ಕನ ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ, ಹೇಳಿದ್ದರೆ ಪರೀಕ್ಷೆಯೇ ಬೇಡ ಎನ್ನುತ್ತಿದ್ದಳು. ನಮ್ಮ ದಾದಾ ಅವರ ಒಂದು ಪ್ರಸಂಗ ಹೇಳಿದೆ. ನಿಜಾಮರ ಆಡಳಿತದಲ್ಲಿ ಈ ಸೀಮೆಯ ಕೋರ್ಟು ಕಚೇರಿಯ ಭಾಷೆ ಉರ್ದು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ರೈತರ ಟ್ರಂಕುಗಳಲ್ಲಿ ಉರ್ದು ಕಾಗದಗಳೇ ಇದ್ದವು. ಅವನ್ನು ಓದಿಸಿಕೊಳ್ಳಲು ಜನ ದಾದಾ ಬಳಿ ಬರುತ್ತಿದ್ದರು. ಒಮ್ಮೆ ಪಕ್ಕದ ಓಣಿಯ ಹಿರಿಯ ಲಿಂಗಾಯತ ರೈತರೊಬ್ಬರು ತಮ್ಮ ತಂದೆಯ ಕಾಲದ ಫೈಸಲಾ ತಂದರು. ಶಿಕಸ್ತಾ ಬರಹ, ಮಾಸಿದ ಶಾಯಿ. ದಾದಾ ಕನ್ನಡಕವೇರಿಸಿ ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಸದರಿ ಹೊಲ ತಲೆತಲಾಂತರದಿಂದ ಎದುರುಗಾರರ ಕಬ್ಜಾದಲ್ಲಿದೆ, ವಾದಿಗೆ ಅದರಲ್ಲಿ ಯಾವ ಹಕ್ಕೂ ಇಲ್ಲ ಎಂಬಲ್ಲಿಗೆ ಬಂದಾಗ ಆ ರೈತರು ರುಮಾಲು ತೆಗೆದು ಬೆವರು ಒರೆಸಿಕೊಂಡರು, ಹೋಗಲೆಂದು ಎದ್ದೇಬಿಟ್ಟರು.

ದಾದಾ ಕೈ ಹಿಡಿದು ಕೂರಿಸಿದರಂತೆ. "ಕೂಡ್ರಿ ಪಾಟೀಲ್ರೆ, ಇದು ಜವಾಬ್ ದಾವಾ. ಎದುರಿನವರು ಹೇಳಿದ ಮಾತು. ಇನ್ನ ತನ್ಕೀಹಾತ್ ಅದ, ಗವಾಹಿ ಅದ. ಫೈಸಲಾ ಮುಂದಿನ ಹಾಳ್ಯಾಗದ."

"ಮುಂದ ಏನಿತ್ತು ಮಾಮು?" ಎಂದಳು.

"ಹೊಲ ಈಗೂ ಅವರ ಮೊಮ್ಮಕ್ಕಳದೇ ಅದ. ತೊಗರಿ ಹಾಕ್ಯಾರ, ಬರುವಾಗ ನೋಡಿದಿ."

ಮೊಬೈಲ್ ಎತ್ತಿಕೊಂಡು ಅವಳು ಮತ್ತೆ ಮೊದಲ ಪ್ಯಾರಾದಿಂದ ಓದತೊಡಗಿದಳು.